ಅಜ್ಜಿ ಟೈಪ್ ಮಾಡಿದ ಪದಕ

"ಗುಂಡಿನ ಮಳೆಯ ನಡುವೆ, ಸೇತುವೆಯ ತುದಿಯಲ್ಲಿ, ನಮ್ಮ ಜನರಲ್ ಸಾಹೇಬರು ಬಂಡೆಯಂತೆ ನಿಂತರು," ಎಂದು ರೇಡಿಯೋ ಕೈ ಎತ್ತಿ ಹೇಳಿದಳು.

ಅವಳು ನಿಂತಿದ್ದು ಅಡುಗೆಮನೆಯ ಸ್ಟೂಲಿನ ಮೇಲೆ. ಕೇಳುತ್ತಿದ್ದವಳು ಅಜ್ಜಿ ಒಬ್ಬಳೇ.

ರೇಡಿಯೋ ಅನ್ನುವುದು ಮನೆಯವರು ಇಟ್ಟ ಹೆಸರು. ಒಮ್ಮೆ ಶುರುವಾದರೆ ಆಫ್ ಮಾಡುವ ಬಟನ್ ಯಾರಿಗೂ ಸಿಗುತ್ತಿರಲಿಲ್ಲ. ಐದನೇ ಕ್ಲಾಸಿಗೆ ಬಂದ ಮೇಲೂ ಹೆಸರು ಹೋಗಲಿಲ್ಲ, ಮಾತೂ ಕಡಿಮೆಯಾಗಲಿಲ್ಲ.

ಮಾರನೆಯ ದಿನ ಕ್ಲಾಸಿನಲ್ಲಿ ಚರ್ಚಾಸ್ಪರ್ಧೆ ಇತ್ತು. ಹಿಂದಿನ ಯುದ್ಧದಲ್ಲಿ ಹೆಸರು ಮಾಡಿದ ಜನರಲ್‌ಗೆ ಸೈನ್ಯದ ಅತಿ ದೊಡ್ಡ ಶೌರ್ಯಪದಕ ಸಿಗಬೇಕಿತ್ತೇ, ಸಿಗಬಾರದಿತ್ತೇ? ರೇಡಿಯೋ ಇದ್ದ ಟೀಮು 'ಸಿಗಬೇಕಿತ್ತು' ಎನ್ನುವ ಕಡೆ. ಅವಳ ಅಜ್ಜಿ ಆ ಕಾಲದಲ್ಲಿ ಅದೇ ಜನರಲ್‌ರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಈ ಸಂಗತಿ ಕಿವಿಗೆ ಬಿದ್ದದ್ದೇ ತಡ, ಟೀಮಿನ ಲೀಡರ್, ಎಲ್ಲರೂ ಕ್ಯಾಪ್ಟನ್ ಅನ್ನುವ ಹುಡುಗಿ, ಒಂದಿಷ್ಟು ಒಗ್ಗರಣೆ ಹಾಕಿ, "ಇವಳಜ್ಜಿ ಯುದ್ಧನ ಕಣ್ಣಾರೆ ನೋಡಿದ್ದಾರೆ ಗೊತ್ತಾ?" ಎಂದು ಕ್ಲಾಸಿಗೆಲ್ಲ ಹೇಳಿಕೊಂಡು ಬಂದಿದ್ದಳು. ಎಲ್ಲರೂ ತನ್ನತ್ತ ನೋಡಿದಾಗ ರೇಡಿಯೋ ಸುಮ್ಮನೆ ತಲೆಯಾಡಿಸಿದ್ದಳು. ಆಗ ಅವಳಿಗೆ ತುಂಬ ಖುಷಿಯಾಗಿತ್ತು.

ಅಜ್ಜಿಗೊಂದು ಅಭ್ಯಾಸ. ಯಾರು ಏನು ಮಾತಾಡಿದರೂ ಅವಳ ಬೆರಳುಗಳು ತೊಡೆಯ ಮೇಲೆ ಅದನ್ನು ಟೈಪ್ ಮಾಡುತ್ತಿದ್ದವು. ಟಿವಿಯ ವಾರ್ತೆ, ಪಕ್ಕದ ಮನೆಯವರ ಜಗಳ, ಅಮ್ಮನ ಬೈಗುಳ, ಯಾವುದನ್ನೂ ಬಿಡುತ್ತಿರಲಿಲ್ಲ. ಅಜ್ಜಿ ರಿಟೈರ್ ಆಗಿದ್ದಳು, ಬೆರಳುಗಳು ಆಗಿರಲಿಲ್ಲ.

ರೇಡಿಯೋ ಭಾಷಣ ಶುರುಮಾಡಿದಾಗಲೂ ಬೆರಳುಗಳು ಓಡುತ್ತಿದ್ದವು. ಸೇತುವೆಯ ಸಾಲು ಬಂದಾಗ ನಿಂತುಬಿಟ್ಟವು. ಅವಳು ಅದೇ ಸಾಲನ್ನು ಇನ್ನೊಮ್ಮೆ ಹೇಳಿದಳು. ಬೆರಳುಗಳು ಆಡಲೇ ಇಲ್ಲ.

"ಯಾಕಜ್ಜಿ, ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ. ಆ ಸಾಲು ನಿನಗೆಲ್ಲಿ ಸಿಕ್ತು?"

"ನಮ್ಮ ಪಾಠದಲ್ಲೇ ಇದೆ. ಪದಕಕ್ಕೆ ಅಂತ ಬರೆದ ಶಿಫಾರಸಿನಲ್ಲಿ ಹೀಗೇ ಇತ್ತಂತೆ."

"ಹೀಗೇ ಇತ್ತು. ನಾನೇ ಟೈಪ್ ಮಾಡಿದ್ದು. ಕಾರ್ಬನ್ ಇಟ್ಟು ಮೂರು ಕಾಪಿ."

ರೇಡಿಯೋ ಸ್ಟೂಲಿನಿಂದ ಬೀಳುವುದೊಂದು ಬಾಕಿ. "ನೀನೇನಾ? ಹಾಗಾದ್ರೆ ನಾಳೆ ಸ್ಕೂಲಿಗೆ ಬಂದು ಹೇಳಿಬಿಡಜ್ಜಿ. ಎರಡೇ ನಿಮಿಷ. ಆ ಲಾಯರ್ ಬಾಯಿ ಮುಚ್ಕೊಂಡು ಕೂರ್ತಾನೆ." ಲಾಯರ್ ಎದುರು ಟೀಮಿನ ಹುಡುಗ. ಬೆಳಗಾಗಿದೆ ಅಂದರೂ ಸಾಕ್ಷಿ ಕೇಳುವ ಆಸಾಮಿ.

"ಮೊದ್ಲು ಕೆಳಗಿಳಿ," ಎಂದಳು ಅಜ್ಜಿ. ರೇಡಿಯೋ ಇಳಿದು ಎದುರಿಗೆ ಕೂತಳು.

"ನಮ್ಮ ಆಫೀಸಿಗೂ ಆ ಸೇತುವೆಗೂ ಇಪ್ಪತ್ತು ಮೈಲಿ ದೂರ ಕಂದ. ಅವತ್ತು ಬೆಳಗ್ಗೆಯಿಂದ ಸಾಯಂಕಾಲದ ತನಕ ಸಾಹೇಬರು ನನ್ನ ಪಕ್ಕದ ರೂಮಿನಲ್ಲೇ ಇದ್ರು. ಮೇಲಿನವರು ಫೋನ್ ಮೇಲೆ ಫೋನ್ ಮಾಡಿ, ಸೈನಿಕರನ್ನ ಮುಂದಕ್ಕೆ ನುಗ್ಗಿಸಿ ಅಂತಿದ್ರು. ಇವರು ಆಗಲ್ಲ ಅಂದ್ರು. ನನ್ನ ಕೆಲಸ ಹೋದ್ರೂ ಹೋಗ್ಲಿ, ಹುಡುಗರನ್ನ ವಾಪಸ್ ಕರೆಸ್ತೀನಿ ಅಂದ್ರು. ಎಂಟುನೂರು ಜನ ಜೀವಂತವಾಗಿ ಮನೆಗೆ ಬಂದ್ರು."

"ಅದನ್ನೇ ಬರೀಬಹುದಿತ್ತಲ್ಲ?"

"ಮೇಲಿನವರ ಮಾತು ಕೇಳಲಿಲ್ಲ ಅಂತ ಬರೆದ್ರೆ ಮೇಲಿನವರು ಪದಕ ಕೊಡ್ತಾರಾ? ಅದೂ ಅಲ್ದೆ ಆ ಪದಕ ಶತ್ರುವಿನ ಗುಂಡಿಗೆ ಎದುರಾಗಿ ನಿಂತವರಿಗೆ ಮಾತ್ರ. ಯುದ್ಧ ಮುಗಿದ ಮೇಲೆ ಜನ ಸಾಹೇಬರನ್ನ ತಲೆ ಮೇಲೆ ಹೊತ್ತು ಕುಣೀತಿದ್ರು. ಏನಾದ್ರೂ ದೊಡ್ಡದು ಕೊಡಲೇಬೇಕಿತ್ತು. ಒಬ್ಬ ಆಫೀಸರ್ ಬರೆದು ತಂದು ನನ್ನ ಮೇಜಿನ ಮೇಲಿಟ್ರು. ಸೇತುವೆ, ಗುಂಡಿನ ಮಳೆ, ಬಂಡೆ, ಎಲ್ಲಾ ಅದರಲ್ಲಿತ್ತು. ಟೈಪ್ ಮಾಡಿದೆ."

"ಸುಳ್ಳು ಅಂತ ಗೊತ್ತಿದ್ದೂನಾ?"

"ಗೊತ್ತಿದ್ದೂ."

"ಮತ್ತೆ ಸೇತುವೆ ಹತ್ರ ನಿಜವಾಗ್ಲೂ ನಿಂತಿದ್ದು ಯಾರು?"

"ಒಬ್ಬ ಲಾರಿ ಡ್ರೈವರ್. ಕೊನೆಯವನು ದಾಟೋ ತನಕ ಅಲ್ಲೇ ಇದ್ದನಂತೆ. ಅವನು ವಾಪಸ್ ಬರಲಿಲ್ಲ. ಅವನ ಹೆಸರಿನ ಕಾಗದ ನನ್ನ ಮೇಜಿಗೆ ಬರಲೂ ಇಲ್ಲ."

"ಜನರಲ್ ಸಾಹೇಬರು ಆ ಶಿಫಾರಸು ಓದಿದ್ರಾ?"

"ಪದಕ ಬಂದ ಮೇಲೆ ಓದಿರಬೇಕು. ಮುಂಚೆ ನನ್ನ ಮೇಜಿನ ಹತ್ರ ನಿಂತು, ಊಟ ಆಯ್ತಾ ಅಂತ ಕೇಳೋರು. ಆಮೇಲೆ ಆ ಕಡೆ ಮುಖ ಮಾಡ್ಕೊಂಡು ಹೋಗೋರು."

ರೇಡಿಯೋಗೆ ಸಿಟ್ಟು ಬಂತು. ಜನರಲ್ ಮೇಲಲ್ಲ, ಅಜ್ಜಿಯ ಮೇಲೆ. ಹೋಂವರ್ಕಿನಲ್ಲಿ ಒಂದಕ್ಷರ ತಪ್ಪಿದರೂ ಇಡೀ ಪುಟ ಮತ್ತೆ ಬರೆಸುವ ಅಜ್ಜಿ ಇವಳೇನಾ?

"ಆಗಲ್ಲ ಅಂತ ನೀನೂ ಹೇಳಬಹುದಿತ್ತು," ಎಂದಳು.

"ಹೇಳಬಹುದಿತ್ತು," ಎಂದಳು ಅಜ್ಜಿ.

ರೇಡಿಯೋ ಇನ್ನೂ ಏನಾದರೂ ಬರುತ್ತದೆ ಎಂದು ಕಾದಳು. ಅಜ್ಜಿ ಎದ್ದು ಅಕ್ಕಿ ತೊಳೆಯಲು ಹೋದಳು. ರೇಡಿಯೋ ಊಟದ ಹೊತ್ತಿನಲ್ಲೂ ತುಟಿ ಬಿಚ್ಚದಿದ್ದಾಗ ಅಮ್ಮ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು. ಬೆಳಗ್ಗೆ ಅಜ್ಜಿಗೆ ಹೋಗಿ ಬರ್ತೀನಿ ಎಂದೂ ಹೇಳದೆ ರೇಡಿಯೋ ಸ್ಕೂಲಿಗೆ ಹೊರಟಳು.

ಸೇತುವೆಯ ಸಾಲನ್ನು ಅವಳು ಭಾಷಣದಿಂದ ಹೊಡೆದುಹಾಕಿದ್ದಳು. ಕ್ಯಾಪ್ಟನ್ ಕಣ್ಣು ಕೆಂಪಗೆ ಮಾಡಿ, "ಅದೇ ಕಣೇ ನಮ್ಮ ಮೇನ್ ಪಾಯಿಂಟು," ಎಂದಳು. ರೇಡಿಯೋ ಕೇಳಲಿಲ್ಲ. ಮೇಲಿನವರ ಫೋನು, ಜನರಲ್ ಆಗಲ್ಲ ಎಂದದ್ದು, ಮನೆಗೆ ಬಂದ ಎಂಟುನೂರು ಜನ, ಇಷ್ಟನ್ನೇ ಹೇಳಿದಳು. ಕ್ಲಾಸು ಚಪ್ಪಾಳೆ ಹೊಡೆಯಿತು.

ಲಾಯರ್ ಕನ್ನಡಕ ಸರಿಮಾಡಿಕೊಂಡು ಎದ್ದ. "ಮಿಸ್, ಆ ಪದಕ ಗುಂಡಿನ ಎದುರು ನಿಂತವರಿಗೆ ಮಾತ್ರ ಅಂತ ಪುಸ್ತಕದಲ್ಲೇ ಇದೆ. ಜನರಲ್ ಸೇತುವೆ ಮೇಲೆ ನಿಂತಿದ್ದನ್ನ ನೋಡಿದವರು ಯಾರು?"

"ಇವಳಜ್ಜಿ ನೋಡಿದ್ದಾರೆ ಮಿಸ್," ಎಂದು ಕ್ಯಾಪ್ಟನ್ ಕೂತಲ್ಲಿಂದಲೇ ಕೂಗಿದಳು.

ಮಿಸ್ ಮುಖ ಅರಳಿತು. "ಹೌದೇನಮ್ಮ?"

ರೇಡಿಯೋ ಎದ್ದು ನಿಂತಳು. ಇಡೀ ಕ್ಲಾಸು ಅವಳನ್ನೇ ನೋಡುತ್ತಿತ್ತು. ಕ್ಯಾಪ್ಟನ್ ಡೆಸ್ಕಿನ ಕೆಳಗಿಂದ ಕಾಲು ತುಳಿದು, "ಹೌದು ಅನ್ನೇ, ಸಾಕು," ಎಂದು ಪಿಸುಗುಟ್ಟಿದಳು. ಬೆಲ್ ಹೊಡೆಯುವ ಹೊತ್ತಾಗಿತ್ತು. ಮಿಸ್ ಕೈಗಡಿಯಾರ ನೋಡಿಕೊಂಡರು.

ಹೇಳಬೇಕಾದದ್ದು ಒಂದೇ ಮಾತು. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಜನರಲ್ ಹೇಗಿದ್ದರೂ ಒಳ್ಳೆಯವರು. ಟೀಮು ಗೆಲ್ಲುತ್ತದೆ, ಮಿಸ್ ಶಭಾಷ್ ಅನ್ನುತ್ತಾರೆ. ರೇಡಿಯೋಳ ಬಾಯಿ ಆಗಲೇ 'ಹೌ' ಎನ್ನುವಷ್ಟು ತೆರೆದಿತ್ತು. ಇಷ್ಟು ಸುಲಭ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳಿಗೆ ಭಯವಾಯಿತು.

"ಇಲ್ಲ ಮಿಸ್," ಎಂದಳು ಕೊನೆಗೆ. "ನಮ್ಮಜ್ಜಿ ನೋಡಿಲ್ಲ. ಅವತ್ತು ನಾನು ಸುಮ್ನೆ ತಲೆಯಾಡಿಸಿದ್ದೆ."

ಮೂರು ಮಾರ್ಕಿನಿಂದ ಸೋತರು. ಕ್ಯಾಪ್ಟನ್ ಟೂ ಬಿಟ್ಟು, ಬ್ಯಾಗ್ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ರೇಡಿಯೋಗೆ ಅಳು ಬಂದಂತಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಲಾಯರ್ ಓಡಿಬಂದು ಜೊತೆಗೆ ಸೇರಿಕೊಂಡ. "ನಿಜ ಹೇಳು, ಪದಕ ಸಿಗಬೇಕಿತ್ತಾ?"

"ಜನರನ್ನ ವಾಪಸ್ ಕರೆಸಿದ್ದಕ್ಕೆ ಸಿಗಬೇಕಿತ್ತು. ಸೇತುವೆ ಹೆಸರಲ್ಲಿ ಸಿಗಬಾರದಿತ್ತು."

"ಹಾಗೆ ಎರಡೂ ಕಡೆ ಮಾತಾಡೋ ಹಾಗಿಲ್ಲ."

"ಅದಕ್ಕೇ ಅಲ್ವಾ ಸೋತಿದ್ದು," ಎಂದಳು ರೇಡಿಯೋ.

ಅಜ್ಜಿ ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಗೆದ್ದಿರಾ ಎಂದು ಕೇಳಲಿಲ್ಲ.

"ಸೇತುವೆ ವಿಷಯ ಬಂತಾ?"

"ಬಂತು. ನೀನು ನೋಡಿಲ್ಲ ಅಂದೆ."

"ಟೈಪ್ ಮಾಡಿದ್ದು ನಾನು ಅಂತ ಹೇಳಿದ್ಯಾ?"

"ಅದನ್ನ ಯಾರೂ ಕೇಳಲಿಲ್ಲ."

"ಕೇಳಿದ್ರೆ ಹೇಳು," ಎಂದಳು ಅಜ್ಜಿ.

ರೇಡಿಯೋ ಬ್ಯಾಗ್ ಇಳಿಸಿ ಅಜ್ಜಿಯ ಮುಖ ನೋಡಿದಳು. ನಿನ್ನೆಯ ಸಿಟ್ಟು ಹುಡುಕಿದರೂ ಸಿಗಲಿಲ್ಲ.

"ಅಜ್ಜಿ, ನೀನು ಟೈಪ್ ಮಾಡೋವಾಗ ಆ ಆಫೀಸರ್ ಪಕ್ಕದಲ್ಲೇ ನಿಂತಿದ್ರಾ?"

ಅಜ್ಜಿಯ ಕೈಯಲ್ಲಿದ್ದ ಬಟಾಣಿ ಹಾಗೇ ಉಳಿಯಿತು. "ಹೂಂ. ಗಡಿಯಾರ ನೋಡ್ಕೊಂಡು ನಿಂತಿದ್ರು. ನಿನಗೆ ಹೇಗೆ ಗೊತ್ತಾಯ್ತು?"

"ನಾನೂ ಇವತ್ತು ಹೌದು ಅಂದೇಬಿಡ್ತಿದ್ದೆ," ಎಂದಳು ರೇಡಿಯೋ. ಅಜ್ಜಿಗೆ ಒತ್ತಿ ಕೂತು, ಬುಟ್ಟಿಯಿಂದ ಒಂದು ಹಿಡಿ ಬಟಾಣಿಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.