ಬುಧವಾರ, ಶನಿವಾರ ಹೊತ್ತುವ ದೀಪ

೨೦೧೯ನೇ ಇಸವಿ ಫೆಬ್ರವರಿ ೯, ಶನಿವಾರ, ಬೆಳಿಗ್ಗೆ ೯ ಗಂಟೆ ೧೨ ನಿಮಿಷ. ರೆಜಾನ್ ಮಾಮ ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದ್ದ ಕಾರಿನ ದೋಷ ಓದುವ ಕೋಡ್ ರೀಡರಿನ ವಯರು ಕಿತ್ತು, ಯುದ್ಧ ಗೆದ್ದವನಂತೆ ಕಾರಿನಿಂದ ಇಳಿದ.

"ಅಳಿಸಿದೆ. ಇನ್ನು ಆ ದೀಪ ಈ ಜನ್ಮದಲ್ಲಿ ಬರಲ್ಲ."

"ಹೋದ ಭಾನುವಾರನೂ ಇದನ್ನೇ ಹೇಳಿದ್ದೆ ಮಾಮ," ಎಂದಳು ನೊಎಮಿ. "ಎಷ್ಟು ಜನ್ಮ ಆಯ್ತು ನಿಂಗೆ?"

ಮೆಟ್ಟಿಲ ಮೇಲೆ ನಿಂತಿದ್ದ ಅಜ್ಜಿ ಕಾಫಿ ಕಪ್ಪಿನೊಳಗೇ ನಕ್ಕಳು.

ನೊಎಮಿಗೆ ಹತ್ತು ವರ್ಷ, ಅವಳ ಅಮ್ಮನ ಕಾರಿಗೆ ಹದಿಮೂರು. ಏರ್‌ಬ್ಯಾಗ್ ಕೆಟ್ಟಿದೆ ಎಂದು ಹೇಳುವ ಕೆಂಪು ದೀಪ ಒಂದು ತಿಂಗಳಿನಿಂದ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುತ್ತಿತ್ತು. ಪ್ರತಿ ಸಲವೂ ಪಕ್ಕದ ಮನೆಯಿಂದ ಮಾಮ ಬಂದು ರೀಡರ್ ಸಿಕ್ಕಿಸಿ ಅಳಿಸುತ್ತಿದ್ದ. ಎರಡು ಮೂರು ದಿನಕ್ಕೆ ಅದು ಮತ್ತೆ ಬರುತ್ತಿತ್ತು. ತಪ್ಪು ಉತ್ತರವನ್ನು ರಬ್ಬರಿನಿಂದ ಉಜ್ಜಿ, ನೂರಕ್ಕೆ ನೂರು ಬಂತು ಎಂದು ಮೆರೆಯುವವರನ್ನು ನೊಎಮಿ ತನ್ನ ಕ್ಲಾಸಿನಲ್ಲೂ ಕಂಡಿರಲಿಲ್ಲ.

ಅಮ್ಮ ಬೂಟಿನ ಹಿಮ ಕೊಡವುತ್ತ ಹೊರಗೆ ಬಂದಳು. "ಕೇಳಿಸ್ಕೊಳ್ಳಿ ಇಬ್ರೂ. ಇವತ್ತು ಇನ್ನೊಂದ್ಸಲ ಆ ದೀಪ ಬಂದ್ರೆ ಸೋಮವಾರ ಕಾರು ಗುಜರಿಗೆ. ಬ್ಯಾಗ್ ಬಿಚ್ಕೊಳ್ಳತ್ತೋ ಇಲ್ವೋ ಗೊತ್ತಿಲ್ದೆ ಐಸ್ ರಸ್ತೇಲಿ ಜನಾನ ಕೂರಿಸ್ಕೊಂಡು ನಾನು ಓಡ್ಸಲ್ಲ."

ಅಮ್ಮ ಕೆಲಸಕ್ಕೆ ಮರದ ಮಿಲ್ಲಿನ ವ್ಯಾನಿನಲ್ಲಿ ಹೋಗಿಬರುತ್ತಿದ್ದಳು. ಐಸ್ ಹಾಕಿ ಆಡುವ ರಿಂಕ್ ಇದ್ದದ್ದು ಮೂವತ್ತೆರಡು ಕಿಲೋಮೀಟರ್ ದೂರದ ಹರ್ಸ್ಟ್ ಪಟ್ಟಣದಲ್ಲಿ. ಕಾರು ಗುಜರಿಗೆ ಹೋದರೆ ಅದರ ಜೊತೆ ಹೋಗುವುದು ನೊಎಮಿಯ ಹಾಕಿ.

"ಎಲ್ಲಾ ಚಳಿ ಕೆಲಸ," ಎಂದ ಮಾಮ. "ಚಳಿಗೆ ವಯರು ಮುದುಡ್ಕೊಳ್ಳತ್ತೆ."

ನೊಎಮಿ ಜಾಕೆಟ್ಟಿನ ಜೇಬಿನಿಂದ ನೋಟ್‌ಬುಕ್ ತೆಗೆದಳು. ಮಾಮ ಹಣೆ ಚಚ್ಚಿಕೊಂಡ. "ಬಂದ್ರಪ್ಪ ವಿಜ್ಞಾನಿ. ದಾರಿ ಬಿಡಿ."

"ಜನವರಿ ಇಪ್ಪತ್ತೊಂದು, ಸೋಮವಾರ, ಮೈನಸ್ ಮೂವತ್ನಾಲ್ಕು. ದೀಪ ಇಲ್ಲ. ಫೆಬ್ರವರಿ ಎರಡು, ಶನಿವಾರ, ಮೈನಸ್ ಆರು. ದೀಪ ಇದೆ. ನಿನ್ನ ವಯರಿಗೆ ಮೈನಸ್ ಆರಕ್ಕೇ ಚಳಿ ಆಗತ್ತಾ ಮಾಮ? ಸ್ವೆಟರ್ ಹಾಕು ಪಾಪ."

ಮಾಮ ತಲೆ ತಗ್ಗಿಸಿ ರೀಡರಿನ ವಯರು ಸುತ್ತತೊಡಗಿದ. ನೊಎಮಿಗೆ ಅದು ಬಿಸಿ ಚಾಕೊಲೇಟಿಗಿಂತ ರುಚಿಯಾಗಿತ್ತು.

ಅವಳ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕೂ ಒಂದೊಂದು ಕಾಲಂ ಇತ್ತು: ದಿನ, ಗಂಟೆ, ಚಳಿ ಎಷ್ಟು, ಓಡಿಸಿದವರು ಯಾರು, ಅಮ್ಮ ಕಾಫಿ ಚೆಲ್ಲಿದಳೋ ಇಲ್ಲವೋ, ಮುಂದಿನ ಸೀಟಿನಲ್ಲಿ ಕೂತವರು ಯಾರು. ದೀಪ ಹೊತ್ತಿಕೊಂಡ ದಿನಗಳೆಲ್ಲ ಬುಧವಾರ ಇಲ್ಲವೇ ಶನಿವಾರ. ಆ ದಿನಗಳಲ್ಲಿ ಮುಂದಿನ ಸೀಟಿನ ಕಾಲಮ್ಮಿನಲ್ಲಿ ಒಂದೇ ಹೆಸರು.

"ಅಜ್ಜಿ," ಎಂದಳು ನೊಎಮಿ.

"ಏನೇ?"

"ಕರೆದಿದ್ದಲ್ಲ. ಉತ್ತರ ಹೇಳಿದ್ದು. ನನ್ನ ಪ್ರಾಕ್ಟೀಸ್ ದಿನ ನೀನೂ ಇಸ್ಪೀಟ್ ಆಡೋಕೆ ನಮ್ಜೊತೆ ಬರ್ತೀಯ. ನೀನು ಕೂತ ದಿನವೇ ದೀಪ ಬರತ್ತೆ. ಸೀಟ್ ಕೆಳಗೆ ಏನೋ ಜಜ್ಜಿ ಹೋಗ್ತಿದೆ."

"ನನ್ನ ಭಾರಕ್ಕೆ ಕಾರು ಕಣ್ಣು ಕೆಂಪು ಮಾಡತ್ತಾ?" ಎಂದಳು ಅಜ್ಜಿ. "ನಿಮ್ಮಜ್ಜಂಗೇ ಅಷ್ಟು ಧೈರ್ಯ ಇರ್ಲಿಲ್ಲ."

"ಕೂತು ತೋರ್ಸು."

ಅಜ್ಜಿ ಕಪ್ಪನ್ನು ಮೆಟ್ಟಿಲ ಮೇಲಿಟ್ಟು, ಮಹಾರಾಣಿಯಂತೆ ನಡೆದು ಬಂದು ಮುಂದಿನ ಸೀಟಿನಲ್ಲಿ ಕೂತಳು. ಅಮ್ಮ ಎಂಜಿನ್ ಶುರುಮಾಡಿದಳು. ಕೆಂಪು ದೀಪ ಒಂದು ಕ್ಷಣ ಮಿನುಗಿ ಎಂದಿನಂತೆ ಆರಿತು. ಅಜ್ಜಿ ಇಳಿದಳು, ಮತ್ತೆ ಕೂತಳು. ಮೂರನೆಯ ಸಲ ಬೇಕೆಂದೇ ಧೊಪ್ಪನೆ ಕೂತಳು. ದೀಪ ಬರಲಿಲ್ಲ.

"ಇನ್ನೂ ಕುಣೀಬೇಕಾ?" ಎಂದು ಕೇಳಿದಳು ಅಜ್ಜಿ.

ಮಾಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನೊಎಮಿ ಅವನತ್ತ ನೋಡದೆ ನೋಟ್‌ಬುಕ್ಕಿನತ್ತಲೇ ನೋಡಿದಳು. ಕಾಲಂಗಳು ಸರಿಯಾಗಿಯೇ ಇದ್ದವು. ಅಜ್ಜಿಯೇ ಏನೋ ಮೋಸ ಮಾಡುತ್ತಿರಬೇಕು.

"ಸಾಕು ನಿಮ್ಮ ಸರ್ಕಸ್ಸು," ಎಂದು ಅಮ್ಮ ಎಂಜಿನ್ ಆರಿಸಿದಳು. "ಹತ್ತೂವರೆಗೆ ಪ್ರಾಕ್ಟೀಸು. ಸಾಮಾನು ಹಾಕು." ಅಜ್ಜಿ ಇಳಿದು ಮೆಟ್ಟಿಲ ಮೇಲಿನ ಕಾಫಿಯತ್ತ ಹೋದಳು.

ನೊಎಮಿ ಸ್ಕೇಟು, ಪ್ಯಾಡು ತುಂಬಿದ ಬ್ಯಾಗನ್ನು ಡಿಕ್ಕಿಗೆ ನೂಕಿದಳು. ಹಾಕಿ ಸ್ಟಿಕ್ಕು ಡಿಕ್ಕಿಗೆ ಹಿಡಿಸುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಬಂದ ಹೊಸ ಸ್ಟಿಕ್ಕು ಅದು, ಹಳೆಯದಕ್ಕಿಂತ ಒಂದು ಗೇಣು ಉದ್ದ. ಯಾವಾಗಲೂ ಮಾಡುವಂತೆ ಹಿಂದಿನ ಬಾಗಿಲು ತೆರೆದು, ಅದರ ಅಗಲ ತುದಿಯನ್ನು ಮುಂದಿನ ಸೀಟಿನ ಅಡಿಗೆ ತೂರಿಸಿ, ಬೂಟುಗಾಲಿನಿಂದ ಒಂದು ಒದೆ ಕೊಟ್ಟಳು. ಅಮ್ಮ ಮತ್ತೆ ಕೀ ತಿರುಗಿಸಿದಳು.

ದೀಪ ಹೊತ್ತಿಕೊಂಡಿತು. ಈ ಸಲ ಆರಲಿಲ್ಲ.

ಅಮ್ಮ ಎಂಜಿನ್ ಆರಿಸಿದಳು. ಮಾಮ ಟಾರ್ಚ್ ಹಿಡಿದು ಹಿಮದ ಮೇಲೆ ಮಂಡಿಯೂರಿ, ಸೀಟಿನ ಅಡಿಗೆ ತಲೆ ತೂರಿಸಿದ. ಆಮೇಲೆ ನೊಎಮಿಯನ್ನೂ ಬಗ್ಗಿ ನೋಡಲು ಕರೆದ. ಅಲ್ಲಿ ಹಳದಿ ವಯರೊಂದು ಹಳದಿ ಪ್ಲಗ್ಗಿಗೆ ಸೇರುತ್ತಿತ್ತು. ಪ್ಲಗ್ಗು ಅರ್ಧ ಕಿತ್ತು ಬಂದಿತ್ತು. ಅದನ್ನು ಕೊಕ್ಕೆ ಹಾಕಿದಂತೆ ಎಳೆದು ಹಿಡಿದಿದ್ದದ್ದು ನೊಎಮಿಯ ಸ್ಟಿಕ್ಕಿನ ತುದಿ. ಅದಕ್ಕೆ ಅವಳೇ ಸುತ್ತಿದ್ದ ಕಪ್ಪು ಟೇಪು ಟಾರ್ಚಿನ ಬೆಳಕಿನಲ್ಲಿ ಮಿಂಚುತ್ತಿತ್ತು.

ನೋಟ್‌ಬುಕ್ಕಿನಲ್ಲಿ ಅಮ್ಮನ ಕಾಫಿಗೆ ಕಾಲಂ ಇತ್ತು. ಇದಕ್ಕೆ ಇರಲಿಲ್ಲ.

ಈಗ ಬರುತ್ತದೆ ಮಾಮನ ಮಾತು ಎಂದು ನೊಎಮಿ ಕಾದಳು. ಸ್ವೆಟರಿನ ಮಾತು ಬಂದೇ ಬರುತ್ತದೆ.

ಮಾಮ ಎದ್ದು ಹೋಗಿ ಬ್ಯಾಟರಿಯ ವಯರು ಕಳಚಿದ. "ಹಳದಿ ಅಂದ್ರೆ ಏರ್‌ಬ್ಯಾಗ್ ವಯರು. ಒಳಗೆ ಕರೆಂಟ್ ಉಳ್ಕೊಂಡಿರತ್ತೆ. ಹತ್ತು ನಿಮಿಷ ಯಾರೂ ಮುಟ್ಟೋ ಹಾಗಿಲ್ಲ," ಎಂದಷ್ಟೇ ಹೇಳಿ, ಕೈಕಟ್ಟಿ ನಿಂತ. ಹತ್ತು ಸೆಕೆಂಡು ಸುಮ್ಮನೆ ನಿಂತ ಮಾಮನನ್ನು ನೊಎಮಿ ಅಲ್ಲಿಯವರೆಗೆ ನೋಡಿರಲಿಲ್ಲ. ಪ್ರಾಕ್ಟೀಸಿಗೆ ತಡವಾಗುತ್ತಿತ್ತು. ಆದರೆ ಅವಳು ಕೇಳಿದ್ದು ಬೇರೆಯದನ್ನು.

"ಆ ವಯರು ಯಾವ ಏರ್‌ಬ್ಯಾಗಿಂದು ಮಾಮ?"

ಮಾಮ ಮುಂದಿನ ಸೀಟಿನ ಪಕ್ಕವನ್ನು ಮೆಲ್ಲಗೆ ತಟ್ಟಿದ. "ಇಲ್ಲಿಂದ ಬಿಚ್ಕೊಳ್ಳೋದು. ಇಲ್ಲಿ ಕೂತವರಿಗೆ."

ಅಲ್ಲಿ ಕೂರುವವಳು ಮೆಟ್ಟಿಲ ಮೇಲೆ ತಣ್ಣಗಾದ ಕಾಫಿ ಕುಡಿಯುತ್ತಿದ್ದಳು. ನೊಎಮಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎಂಟು ಸಲ ಹರ್ಸ್ಟ್‌ಗೆ ಹೋಗಿದ್ದರು, ಎಂಟು ಸಲ ಬಂದಿದ್ದರು. ಎಂಟು ಸಲವೂ ತಾನು ಹಿಂದೆ ಕೂತು ಮಾಮನನ್ನು ಆಡಿಕೊಂಡು ನಕ್ಕಿದ್ದಳು.

ಹತ್ತು ನಿಮಿಷ ಕಳೆದ ಮೇಲೆ ಮಾಮ ಸ್ಟಿಕ್ಕಿನ ತುದಿ ಬಿಡಿಸಿ, ಪ್ಲಗ್ಗನ್ನು ಟಿಕ್ಕೆನ್ನುವವರೆಗೆ ಒತ್ತಿದ. ವಯರನ್ನು ಸೀಟಿನ ಕಂಬಿಗೆ ಬಿಗಿದು ಕಟ್ಟಿದ. ನೊಎಮಿ ಸ್ಟಿಕ್ಕನ್ನು ಹೊರಗೆಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಅದನ್ನು ತನ್ನ ಮಂಡಿಗಳ ಮೇಲೆ ಅಡ್ಡ ಇಟ್ಟುಕೊಂಡಳು. ಒಂದು ತುದಿ ಕಿಟಕಿಗೆ ತಾಗುತ್ತಿತ್ತು, ಕೂರಲು ಹಿಂಸೆಯಾಗುತ್ತಿತ್ತು. ಅಜ್ಜಿ ಬಂದು ಮುಂದಿನ ಸೀಟಿನಲ್ಲಿ ಕೂತಳು.

"ಅಜ್ಜಿ, ಬೆಲ್ಟ್ ಹಾಕ್ಕೊಂಡ್ಯಾ?"

"ಮೂರು ಸಲ ಕುಣಿಸಿದ್ದು ಸಾಲ್ದಾ? ಹಾಕ್ಕೊಂಡಿದೀನಿ."

ಮಾಮ ಬ್ಯಾಟರಿ ಜೋಡಿಸಿ ರೀಡರ್ ಸಿಕ್ಕಿಸಿದ. ಈ ಸಲ ದೀಪ ಅಳಿಸಿದ ಕೂಡಲೇ ಅದನ್ನು ಕೀಳಲಿಲ್ಲ. "ಈ ವಯರಿನ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಆಗೋ ಅಡ್ಡಿ, ಎರಡು ಓಮ್ ಹತ್ರ ಇರ್ಬೇಕು. ಪ್ಲಗ್ ಸಡಿಲ ಇದ್ರೆ ಅದು ಏರ್ತಾ ಹೋಗತ್ತೆ," ಎಂದು ಹೇಳಿ, ರೀಡರನ್ನು ಹಿಂದಕ್ಕೆ ಚಾಚಿ ಹಿಡಿದ. ನೊಎಮಿ ಮುಂದಕ್ಕೆ ಬಗ್ಗಿ, ಅಜ್ಜಿಯ ಭುಜದ ಪಕ್ಕದಿಂದ ನೋಡಿದಳು. ಅಂಕಿ ಸ್ವಲ್ಪ ಹೊತ್ತು ಅತ್ತಿತ್ತ ಓಲಾಡಿ ನಿಂತಿತು.

೨.೧ ಓಮ್.