ಅಳತೆಯಮ್ಮನ ನಾಲ್ಕನೆಯ ಕಾಲುಚೀಲ

"ಅತ್ತೆ, ಇನ್ನೊಂದು ಸಲ ಅದನ್ನ ಬೋರಲು ಹಾಕಿದ್ರೆ ಹೊಲಿಗೆನೇ ಬಿಟ್ಕೊಳ್ಳುತ್ತೆ ನೋಡಿ!"

ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆ ಹೇಳಿದಳು. ಅವಳ ಹೆಗಲ ಮೇಲೆ ಎಂಟು ತಿಂಗಳ ಕೂಸು ನಿದ್ದೆಹೋಗಿತ್ತು. ಆದರೆ ಅಜ್ಜಿಗೆ ಆ ಮಾತು ಎಲ್ಲಿ ಕೇಳಿಸಬೇಕು! ಕೆಂಪು ಉಣ್ಣೆಬಟ್ಟೆಯ ಕಾಲುಚೀಲವನ್ನು ತಲೆಕೆಳಗು ಹಿಡಿದು ಊಟದ ಮೇಜಿನ ಮೇಲೆ ಕೊಡವಿಯೇಬಿಟ್ಟಳು. ಬಣ್ಣದ ಪೆನ್ಸಿಲಿನ ಡಬ್ಬಿ, ಕೂದಲ ಕ್ಲಿಪ್ಪುಗಳು, ಚಾಕೊಲೇಟು, ಅಂಗೈಯಷ್ಟು ದೊಡ್ಡ ಗೊಂಬೆ ಎಲ್ಲವೂ ದಡಬಡ ಉದುರಿದವು. ಬೆಳಗಿನಿಂದ ಇದು ನಾಲ್ಕನೆಯ ಸಲ. ನಾಳೆ ಕ್ರಿಸ್‌ಮಸ್. ಮಕ್ಕಳಿಗೆ ಹಬ್ಬದ ಉಡುಗೊರೆ ತುಂಬಿಡುವುದು ಈ ಕಾಲುಚೀಲಗಳಲ್ಲೇ. ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ನಾಲ್ಕು ಗಂಟೆಗೆ ಮಗಳು ಬರುತ್ತಾಳೆ... ಎರಡು ವರ್ಷದ ಮೇಲೆ! ಅಜ್ಜಿ ಕಾಲು ಸುಟ್ಟ ಬೆಕ್ಕಿನ ಹಾಗೆ ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಓಡಾಡುತ್ತಿದ್ದಳು.

ಉಳಿದ ಮೂರು ಕಾಲುಚೀಲಗಳು ಊಟಕ್ಕೆ ಮೊದಲೇ ತುಂಬಿ ಕಿಟಕಿಯ ಸರಳಿಗೆ ತೂಗುಬಿದ್ದಿದ್ದವು. ಹದಿನಾಲ್ಕು ವರ್ಷದ ಹಿರಿಮೊಮ್ಮಗನಿಗೆ ಮನೆಯಲ್ಲಿ ಜಿರಾಫೆ ಎಂದು ಹೆಸರು; ಅವನ ಕಾಲುಚೀಲ ದಿಂಬಿನ ಚೀಲದಷ್ಟು ಉದ್ದ. ಅದರಲ್ಲಿ ಸೈಕಲ್ಲಿನ ಹೊಸ ಗಂಟೆ, ಜೊತೆಗೆ ಮೂಗಿನ ಕೆಳಗೆ ಮೂಡಿದ ನಾಲ್ಕು ಕೂದಲಿನ ಗೌರವಾರ್ಥ ಒಂದು ಶೇವಿಂಗ್ ಬ್ರಷ್ಷು. ಎಲ್ಲರೂ ಚಿನಕುರುಳಿ ಎನ್ನುವ ಐದು ವರ್ಷದ ಮೊಮ್ಮಗಳಿಗೆ ಸೋಪಿನ ಗುಳ್ಳೆ ಊದುವ ಡಬ್ಬಿ ಮತ್ತು ಒಂದು ಸೀಟಿ. "ಆ ಸೀಟಿ ಕೊಟ್ಟು ನನ್ನ ಮೇಲೆ ಯಾವ ಜನ್ಮದ ಸೇಡು ತೀರಿಸ್ಕೊಳ್ತಿದ್ದೀರಿ ಅತ್ತೆ?" ಎಂದು ಸೊಸೆ ಆಗಲೇ ಕೇಳಿದ್ದಾಗಿತ್ತು. ಕೂಸಿಗೆ ಬಾಯಿಗೆ ಹಾಕಿಕೊಂಡರೂ ಗಂಟಲಿಗೆ ಇಳಿಯದಷ್ಟು ದೊಡ್ಡ ಬಟ್ಟೆಯ ಚೆಂಡು. ಮೂವರದ್ದೂ ಅಜ್ಜಿಗೆ ಗೊತ್ತು. ಯಾರಿಗೆ ಏನು ಕಂಡರೆ ಕಣ್ಣು ಅರಳುತ್ತದೆ, ಯಾರು ಯಾವುದಕ್ಕೆ ಮುಖ ಸಿಂಡರಿಸುತ್ತಾರೆ ಎಲ್ಲ ಗೊತ್ತು. ನಾಲ್ಕನೆಯದು ಮಗಳ ಮಗಳಿಗೆ. ಅವಳಿಗೀಗ ಹತ್ತು ವರ್ಷ. ಆ ಮಗುವಿಗೆ ಏನು ಇಷ್ಟ ಎಂದು ಕೇಳಿದರೆ ಅಜ್ಜಿಯ ಹತ್ತಿರ ಉತ್ತರವಿಲ್ಲ! ಎಂಟು ವರ್ಷದವಳಿದ್ದಾಗ ಕೊನೆಯ ಸಲ ನೋಡಿದ್ದು. ಅದೂ ಅವಳ ಮುಖವನ್ನಲ್ಲ, ಕಾಲನ್ನು.

ಅಜ್ಜಿ ಮೂವತ್ತೊಂದು ವರ್ಷ ಬೂಟಿನ ಕಾರ್ಖಾನೆಯಲ್ಲಿ ಅಳತೆ ತೆಗೆದವಳು. ಅಂಗಡಿಯ ಸೈಜುಗಳಿಗೆ ಒಗ್ಗದ ಕಾಲುಗಳೆಲ್ಲ ಅವಳ ಮುಂದೆ ಬಂದು ಕಾಗದದ ಮೇಲೆ ನಿಲ್ಲುತ್ತಿದ್ದವು. ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಆ ಕಾಲಿನ ಗುಣ ಬರೆಯುವುದು ಅವಳ ಕೆಲಸ. ಅಂಗಾಲು ಚಪ್ಪಟೆ, ಹಿಮ್ಮಡಿ ಕಿರಿದು, ಎಡಗಾಲು ಸ್ವಲ್ಪ ಸೋಮಾರಿ... ಹೀಗೆ. "ಏನಮ್ಮ, ಈ ಕಾಲಿನ ಗುಣ?" ಎಂದು ಚರ್ಮ ಕತ್ತರಿಸುವವರು ಕೇಳುತ್ತಿದ್ದರು, ಇವಳು ಹೇಳುತ್ತಿದ್ದಳು. ಅಳತೆಯಮ್ಮ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಕೆಲಸ ಬಿಟ್ಟ ಮೇಲೂ ಚಟ ಬಿಡಲಿಲ್ಲ. ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಒಂದು ತಿಂಗಳಿರುವಾಗ ಮೊಮ್ಮಕ್ಕಳನ್ನು ಕಾಗದದ ಮೇಲೆ ನಿಲ್ಲಿಸಿ ಗೆರೆ ಎಳೆದು, ಅವರವರ ಪಾದದ ಆಕಾರಕ್ಕೇ ಕಾಲುಚೀಲ ಹೊಲಿಯುತ್ತಿದ್ದಳು. ಆ ಮನೆಯವರ ಕಾಲಿಗೆ ಒಂದು ಗುರುತಿತ್ತು. ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳು ಒಂದು ಗೋಧಿಕಾಳಿನಷ್ಟು ಉದ್ದ.

ಮಗಳು ಏಳು ವರ್ಷದ ಹುಡುಗಿಯೊಬ್ಬಳನ್ನು ದತ್ತು ತಂದುಕೊಂಡಿದ್ದಳು. ಅವಳು ಬಂದು ಒಂದು ವರ್ಷವೂ ತುಂಬಿರಲಿಲ್ಲ, ಲಾರಿ ಓಡಿಸುತ್ತಿದ್ದ ಅಳಿಯ ಇಳಿಜಾರಿನಲ್ಲಿ ಅಪಘಾತವಾಗಿ ಹೋಗಿಬಿಟ್ಟ. ಬಂಗಾರದಂಥ ಹುಡುಗ! ಅದಾಗಿ ನಲವತ್ತು ದಿನಕ್ಕೆ ಮಗಳು ಮಗುವನ್ನು ಕರೆದುಕೊಂಡು ಅಳತೆ ಕೊಡಿಸಲು ಬಂದಳು. ಅಜ್ಜಿ ಬಗ್ಗಿ ಗೆರೆ ಎಳೆದಳು. ಬೆರಳುಗಳನ್ನು ನೋಡಿದಳು. ಆಮೇಲೆ ತಲೆಯೆತ್ತಿ, "ಈ ಹುಡುಗಿ ಕಾಲ್ಗುಣಾನೇ ಬೇರೆ ಕಣೇ" ಎಂದಳು.

ಕಾಲ್ಗುಣ! ಗಂಡನನ್ನು ಕಳೆದುಕೊಂಡು ನಲವತ್ತು ದಿನವಾಗಿದ್ದವಳ ಕಿವಿಗೆ ಆ ಮಾತು ಹೇಗೆ ಬಿದ್ದಿರಬೇಡ! ಅವಳು ಮಗುವಿಗೆ ಚಪ್ಪಲಿ ಹಾಕಿಸಿದಳು, ಹೊರಟುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ಕ್ರಿಸ್‌ಮಸ್ಸು ಹಾಗೇ ಹೋದವು. ಅಜ್ಜಿ ಮಾತ್ರ ಕಂಡಕಂಡವರಿಗೆಲ್ಲ, "ನಾನು ಅಂದಿದ್ದು ಬೆರಳಿಗೆ, ಅವಳು ತಿಳ್ಕೊಂಡಿದ್ದು ಬೇರೆ" ಎಂದು ಹೇಳುತ್ತಲೇ ಬಂದಳು. ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಹೀಗೇ ಅಲ್ಲವೇ.

ಇಂದು ಬೆಳಿಗ್ಗೆ ಮಗಳೇ ಫೋನು ಮಾಡಿದ್ದಳು, ಅಮ್ಮನಿಗಲ್ಲ, ಅತ್ತಿಗೆಗೆ. "ನಾಲ್ಕು ಗಂಟೆಗೆ ಬರ್ತೀವಿ ಅತ್ತಿಗೆ. ಅರ್ಧ ಗಂಟೆ ಅಷ್ಟೇ. ಇವಳು ಅಮ್ಮನ್ನ ಏನೋ ಕೇಳಬೇಕಂತೆ." ಏನು ಕೇಳುತ್ತಾಳೆ? ಕಾಲುಚೀಲ ಕೇಳಿಯಾಳೇ? ಅಂದಾಜಿನ ಮೇಲೆ ಹೊಲಿದದ್ದು ಚಿಕ್ಕದಾಯಿತೇ? ಹತ್ತು ವರ್ಷದವಳಿಗೆ ಗೊಂಬೆ ಕೊಟ್ಟರೆ ನಕ್ಕುಬಿಟ್ಟಾಳೇ? ಅಜ್ಜಿ ಗೊಂಬೆಯನ್ನು ಒಳಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು...

ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಬಾಗಿಲು ತಟ್ಟಿದ ಸದ್ದಾಯಿತು.

ಮಗಳು ಸೊರಗಿದ್ದಳು. ಹೆಗಲ ಚೀಲ ಕೆಳಗಿಳಿಸದೆ ಕುರ್ಚಿಯ ಅಂಚಿನಲ್ಲಿ ಕೂತಳು. ಹುಡುಗಿ ಅಮ್ಮನ ಪಕ್ಕದಲ್ಲಿ ನಿಂತಳು. ಎರಡು ಜಡೆ, ಗಂಭೀರ ಮುಖ.

"ಚೆನ್ನಾಗಿದ್ದೀರಾ ಅಮ್ಮ?"

ಹೊಟ್ಟೆಯಲ್ಲಿ ಹುಟ್ಟಿದ ಮಗಳ ಬಾಯಲ್ಲಿ ಬಹುವಚನ! ಅಜ್ಜಿಗೆ ಕೆನ್ನೆಗೆ ಹೊಡೆದಂತಾಯಿತು. "ಇದ್ದೀನಿ ಕಣೇ... ಚೀಲ ಇಳಿಸೇ. ಕಾಫಿ ಕುಡೀತೀಯಾ?"

"ಬೇಡ. ಇವಳು ಕೇಳೋದು ಕೇಳಿದ್ಮೇಲೆ ಹೊರಡ್ತೀವಿ. ಕೇಳಮ್ಮ."

ಹುಡುಗಿ ಎರಡು ಹೆಜ್ಜೆ ಮುಂದೆ ಬಂದಳು. ಶಾಲೆಯಲ್ಲಿ ಪದ್ಯ ಒಪ್ಪಿಸುವವರಂತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅಜ್ಜಿ, ಅಪ್ಪ ಹೋಗಿದ್ದು ನನ್ನಿಂದಾನಾ?"

ಸೊಸೆಯ ಕೈಯಲ್ಲಿದ್ದ ಹಾಲಿನ ಬಾಟಲಿ ಅಲ್ಲೇ ನಿಂತಿತು. ಅಯ್ಯೋ, ಹತ್ತು ವರ್ಷದ ಮಗು ಎರಡು ವರ್ಷದಿಂದ ಹೊತ್ತುಕೊಂಡು ತಿರುಗಿದ್ದು ಇದನ್ನೇ!

"ಇಲ್ಲ ಮಗೂ, ಇಲ್ಲ!" ಅಜ್ಜಿ ಗಡಬಡಿಸಿದಳು. "ಅದು ಕಾರ್ಖಾನೆ ಮಾತು. ಕಾಲಿನ ಗುಣ ಅಂದ್ರೆ ಬೆರಳು, ಹಿಮ್ಮಡಿ... ನಮ್ಮ ಮನೆಯವರದ್ದು ಪಕ್ಕದ ಬೆರಳು ಉದ್ದ, ನಿಂದು ಹಾಗಿಲ್ಲ ಅಂತ ಅಷ್ಟೇ..."

"ಅಮ್ಮ" ಎಂದಳು ಮಗಳು. ಅವಳ ಧ್ವನಿ ಏರಲಿಲ್ಲ. "ಇದನ್ನ ಅತ್ತಿಗೆ ಕೈಲಿ ಹತ್ತು ಸಲ ಹೇಳಿ ಕಳಿಸಿದ್ದೀರಿ. ನಾನೂ ಇವಳಿಗೆ ಹೇಳಿದ್ದೀನಿ. ಇವಳು ನಂಬ್ತಿಲ್ಲ. ಯಾಕೆ ಗೊತ್ತಾ? ಅವತ್ತು ನಿಮ್ಮ ಮುಖ ನೋಡಿದ್ದು ಇವಳು. ನಾನಲ್ಲ."

ಅಜ್ಜಿ ಬಾಯಿ ತೆರೆದಳು. ಅದೇ ಹಳೆಯ ಉತ್ತರ ನಾಲಿಗೆಯ ತುದಿಗೆ ಬಂತು. ಹುಡುಗಿ ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣಿನ ಮುಂದೆ ಸುಳ್ಳು ಹೇಳಿದರೆ ಈ ಮಗು ಬದುಕಿಡೀ ಅದನ್ನು ಹೊತ್ತೇ ತಿರುಗುತ್ತದೆ. ನಿಜ ಹೇಳಿದರೆ ಮಗಳು ಮತ್ತೆಂದೂ ಈ ಹೊಸ್ತಿಲು ತುಳಿಯುವುದಿಲ್ಲ! ಅಜ್ಜಿ ಮೇಜಿನ ಅಂಚು ಹಿಡಿದು ನಿಧಾನವಾಗಿ ಕುಳಿತಳು.

"ಅರ್ಧ ಸುಳ್ಳು ಮಗೂ... ಬೆರಳು ನೋಡಿದ್ದು ನಿಜ. ಆದ್ರೆ ಆ ಮಾತಿಗೆ ಇನ್ನೊಂದು ಅರ್ಥ ಇದೆ ಅಂತಾನೂ ನಂಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ."

"ಅತ್ತೆ!" ಎಂದಳು ಸೊಸೆ.

"ಸುಮ್ನಿರೇ, ಹೇಳ್ಬಿಡ್ತೀನಿ. ಅಂಥ ಹುಡುಗ ಹೋಗ್ಬಿಟ್ಟ. ಯಾರ ಮೇಲಾದ್ರೂ ಹಾಕ್ಬೇಕಿತ್ತು ನಂಗೆ. ದೇವರ ಮೇಲೆ ಹಾಕೋಕೆ ಧೈರ್ಯ ಬರಲಿಲ್ಲ. ನೀನು ಚಿಕ್ಕವಳು, ತಿರುಗಿ ಮಾತಾಡ್ತಿರಲಿಲ್ಲ, ನಿನ್ನ ಮೇಲೆ ಹಾಕಿದೆ..." ಅಜ್ಜಿ ಹುಡುಗಿಯ ಕಡೆ ಬಾಗಿದಳು. "ನಿನ್ನಿಂದ ಅಲ್ಲ ಮಗಳೇ. ಬ್ರೇಕು ಹಿಡೀಲಿಲ್ಲ, ಅದರಿಂದ ಹೋದ. ತಪ್ಪು ನಂದು. ನಾಲಿಗೇದಲ್ಲ, ಮನಸ್ಸಿಂದು!"

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಎರಡು ವರ್ಷ ಬಿಗಿಹಿಡಿದದ್ದೆಲ್ಲ ಒಮ್ಮೆಗೇ ಒಡೆದು ಬಂದಿತ್ತು. ಹುಡುಗಿ ಅಳಲಿಲ್ಲ. ಲೆಕ್ಕ ತಾಳೆಯಾಯಿತೋ ಇಲ್ಲವೋ ಎಂದು ನೋಡುವವಳಂತೆ ಸ್ವಲ್ಪ ಹೊತ್ತು ಯೋಚಿಸಿದಳು.

"ಹಾಗಾದ್ರೆ ನನ್ನ ಕಾಲು ಸರಿಯಾಗೇ ಇದೆಯಾ?"

"ಸರಿಯಾಗಿರೋದೇನು! ಮೂವತ್ತೊಂದು ವರ್ಷದಲ್ಲಿ ಅಂಥ ಕಾಲು ನಾಲ್ಕೋ ಐದೋ ನೋಡಿದ್ದೀನಿ. ಬೆರಳು ಅಗಲ. ಯಾರು ತಳ್ಳಿದ್ರೂ ಬೀಳದೆ ನಿಲ್ಲೋ ಕಾಲು."

ಹುಡುಗಿ ತನ್ನ ಕಾಲನ್ನೊಮ್ಮೆ ಬಗ್ಗಿ ನೋಡಿಕೊಂಡಳು. ಅಷ್ಟರಲ್ಲಿ ತಮ್ಮ ಅಪ್ಪನ ಜೊತೆ ಹಬ್ಬದ ಹಾಡಿನ ಅಭ್ಯಾಸಕ್ಕೆ ಹೋಗಿದ್ದ ಸೊಸೆಯ ದೊಡ್ಡ ಮಕ್ಕಳಿಬ್ಬರೂ ಧಡಾರನೆ ಬಾಗಿಲು ತಳ್ಳಿಕೊಂಡು ಬಂದರು. ಚಿನಕುರುಳಿಗೆ ಈ ಅಕ್ಕನ ನೆನಪಿರಲಿಲ್ಲ. ಅದರಿಂದೇನಾಯಿತು! ಐದು ನಿಮಿಷದಲ್ಲಿ ಅವಳ ಕೈ ಹಿಡಿದು ಹಿತ್ತಲಿನ ಬೆಕ್ಕಿನ ಮರಿಗಳನ್ನು ತೋರಿಸಲು ಎಳೆದುಕೊಂಡು ಹೋದಳು.

ಮಗಳು ಮುಖ ತೊಳೆದು ಬಂದಳು. "ಅಮ್ಮ, ನಂಗೆ ಇನ್ನೂ ಸಿಟ್ಟಿದೆ. ಈಗ ಜಾಸ್ತೀನೇ ಆಗಿದೆ. ಇವತ್ತಿಗೆ ಹೋಗಲ್ಲ ಅದು."

"ಇರಲಿ ಕಣೇ. ಇಟ್ಕೋ. ನಿಂದು ನ್ಯಾಯ."

"ಆದ್ರೆ ಅವಳು ಬೇಕಾದ್ರೆ ಇವತ್ತು ಇಲ್ಲೇ ಇರಲಿ. ನಾಳೆ ಬೆಳಿಗ್ಗೆ ಬರ್ತೀನಿ ನಾನು." ಮೇಜಿನ ಮೇಲೆ ಹರಡಿದ್ದ ಸಾಮಾನುಗಳ ಕಡೆ ನೋಡಿದಳು. ಖಾಲಿ ಕಾಲುಚೀಲವನ್ನು ಎತ್ತಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಇದು ಅವಳದಾ?"

"ಹೂಂ... ಏನು ಹಾಕ್ಬೇಕು ಅಂತಾನೇ ಗೊತ್ತಾಗ್ತಿಲ್ಲ."

"ಗೊಂಬೆ ಬೇಡ. ಅವಳಿಗೆ ಬೀಗ ಅಂದ್ರೆ ಪ್ರಾಣ. ಕೀಲಿ ಹಾಕೋದು, ತೆಗೆಯೋದು. ಮೊದಲಿದ್ದ ಕಡೆ ಅವಳದ್ದು ಅಂತ ಒಂದು ಪೆಟ್ಟಿಗೇನೂ ಇರಲಿಲ್ಲ. ಒಂದು ಬೀಗ ಹಾಕು ಸಾಕು, ಕುಣಿದಾಡ್ತಾಳೆ."

ಅಜ್ಜಿ ತಟ್ಟನೆ ಎದ್ದಳು. ಮೊಣಕಾಲು ಕಟಕಟ ಎಂದವು. "ಅತ್ತೆ, ನಾನು ತರ್ತೀನಿ ಇರಿ!" ಎಂದು ಸೊಸೆ ಕೂಗುವಷ್ಟರಲ್ಲಿ ಬೀದಿಯಲ್ಲಿದ್ದಳು. ಲೋಕದ ಕಾಲಿಗೆಲ್ಲ ಅಳತೆ ನೋಡಿ ಬೂಟು ಮಾಡಿಸಿದವಳು ಅವಸರದಲ್ಲಿ ಸೊಸೆಯ ಚಪ್ಪಲಿ ಮೆಟ್ಟಿಕೊಂಡು, ಒಂದು ಬೆರಳಷ್ಟು ಹಿಮ್ಮಡಿ ಹೊರಗೆ ಬಿಟ್ಟುಕೊಂಡು ಟಪಟಪನೆ ನಡೆದಳು. ಮೂಲೆಯ ಕಬ್ಬಿಣದ ಸಾಮಾನಿನ ಅಂಗಡಿಯವನು ಹಬ್ಬದ ರಜೆಗೆಂದು ಬೇಗ ಶಟರು ಎಳೆಯುತ್ತಿದ್ದ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

"ಒಂದು ಬೀಗ ಕೊಡಪ್ಪ... ಚಿಕ್ಕದು... ಎರಡು ಕೀಲಿ ಇರೋದು."

ಅವನು ಮೂರು ನಾಲ್ಕು ಬೀಗ ತೆಗೆದು ಗಲ್ಲಾದ ಮೇಲಿಟ್ಟ. "ಯಾವುದಕ್ಕಮ್ಮ ಬೇಕು? ಬಾಗಿಲಿಗಾ, ಪೆಟ್ಟಿಗೆಗಾ?"

ಅಜ್ಜಿ ಏದುಸಿರು ಬಿಡುತ್ತ, ಕಣ್ಣೊರೆಸಿಕೊಳ್ಳುತ್ತ ಹೇಳಿದಳು:

"ನನ್ನ ಮೊಮ್ಮಗಳಿಗೆ."