ಎಡಗೈಯಿಂದ ಭೂಮಿ ಮುಟ್ಟಿದ ಬುದ್ಧ

"ಅವನು ಬೇಕಂತಲೇ ತಪ್ಪು ಫೋಟೋ ಕಳಿಸಿದಾನೆ ಕಣೇ," ಅಂದಳು ಗೆಳತಿ ಶಿವರಂಜನಿ. "ಇರೋದು ಒಂದೇ ಸೀಟು. ನೀನು ಇಂಟರ್‌ವ್ಯೂಗೆ ಹೋಗಿ ಇದನ್ನೇ ಹೇಳ್ಬೇಕು, ಮೇಷ್ಟ್ರುಗಳು ನಗ್ಬೇಕು. ಅಷ್ಟೇ ಅವನ ಪ್ಲಾನು."

ಸುಘೋಷ್ ಅಂಥವನಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಬೇಕಾದ ಹೊತ್ತಿಗೆ ನನಗೆ ಮಾತು ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಡೈರಿಯಲ್ಲಿ ಬರುತ್ತದೆ, ಅದೂ ಎಷ್ಟು ಚೆನ್ನಾಗಿ!

ಫೋಟೋದಲ್ಲಿದ್ದದ್ದು ಕಂಚಿನ ಬುದ್ಧ. ಪದ್ಮಾಸನ, ಮಂಡಿಯ ಮೇಲಿಂದ ಇಳಿದು ನೆಲ ಮುಟ್ಟುವ ಕೈ. ಭೂಮಿಸ್ಪರ್ಶ ಮುದ್ರೆ. ಜ್ಞಾನೋದಯದ ಗಳಿಗೆಯಲ್ಲಿ ಭೂಮಿಯನ್ನೇ ಸಾಕ್ಷಿಗೆ ಕರೆದ ಕೈ ಅದು. ಬಿಹಾರದಲ್ಲಾಗಲಿ ಬರ್ಮಾದಲ್ಲಾಗಲಿ, ಶಿಲ್ಪಿಗಳು ಕೆಳಗಿಳಿಸುವುದು ಬಲಗೈಯನ್ನು. ಈ ಬುದ್ಧ ಎಡಗೈ ಇಳಿಸಿದ್ದ.

ಕೆಳಗೆ ಸುಘೋಷ್‌ನ ಮೆಸೇಜು: "ನೋಡಿದ್ಯಾ? ಎಡಗೈ! ಅವತ್ತು ನಾವಿಬ್ರೂ ಹೋಗಿದ್ದ ಎಕ್ಸಿಬಿಷನ್‌ನಲ್ಲಿ ಇತ್ತಲ್ಲ, ಅದೇ ವಿಗ್ರಹ. ಪ್ರಾದೇಶಿಕ ಶೈಲಿ ಬಗ್ಗೆ ಕೇಳಿದ್ರೆ ಇದನ್ನ ಹೇಳು."

ಲೈಬ್ರರಿಯಲ್ಲಿ ಸಿಕ್ಕ ಪುಸ್ತಕವನ್ನೆಲ್ಲ ತಿರುವಿದೆ. ಅಂಥ ಬುದ್ಧ ಎಲ್ಲೂ ಇರಲಿಲ್ಲ.

ನಾವಿಬ್ಬರೂ ಓದುತ್ತಿದ್ದದ್ದು ವಿಜಯನಗರದ ಒಂದು ಸ್ಟಡಿ ಸೆಂಟರಿನಲ್ಲಿ. ಅಲ್ಲಿ ಸಾಲು ಸಾಲಾಗಿ ಕೂತವರೆಲ್ಲ ಕೆಎಎಸ್, ಪಿಎಸ್ಐ ಪರೀಕ್ಷೆಯವರು. ನಮ್ಮ ಟೇಬಲ್ಲಿನ ಮೇಲೆ ಮಾತ್ರ ಯಕ್ಷಿಯರು, ಬೋಧಿಸತ್ವರು, ಚೀನಾದ ಗುಹೆಗಳು. ಏಷ್ಯಾದ ಪ್ರಾಚೀನ ಕಲೆಯ ಬಗ್ಗೆ ಪಿಎಚ್‌ಡಿ ಮಾಡಲು ಯೂನಿವರ್ಸಿಟಿಯಲ್ಲಿ ಒಂದೇ ಒಂದು ಫೆಲೋಶಿಪ್ ಇತ್ತು. ಎಂ.ಎ. ಮುಗಿಸಿದ ನಾವಿಬ್ಬರೂ ಅದಕ್ಕೇ ಅರ್ಜಿ ಹಾಕಿದ್ದೆವು.

"ಏನ್ ಗುರು, ಇದು ಯಾವ ಪೋಸ್ಟ್‌ಗೆ? ಮುಜರಾಯಿ ಇಲಾಖೆನಾ?" ಅಂತ ಹೇರೋಹಳ್ಳಿಯ ಭೈರೇಶ್ ಒಮ್ಮೆ ಬಗ್ಗಿ ನೋಡಿ ಕೇಳಿದ್ದ. ಅವನು ಪಿಎಸ್ಐ ಆಗಲು ಓದುತ್ತಿದ್ದವನು.

"ಇಲ್ಲಣ್ಣ, ಬುದ್ಧನ ಪೋಸ್ಟ್. ಒಂದೇ ಖಾಲಿ ಇದೆ," ಅಂದಿದ್ದ ಸುಘೋಷ್.

ಒಳಗೆ ಮಾತಾಡುವಂತಿರಲಿಲ್ಲ. ಹಾಗಾಗಿ ಸುಘೋಷ್ ಕೈಯಲ್ಲೇ ಪ್ರಶ್ನೆ ಕೇಳುತ್ತಿದ್ದ. ಎದುರು ಕೂತು ಅಂಗೈ ಎತ್ತುತ್ತಿದ್ದ. ನಾನು ಚೀಟಿಯಲ್ಲಿ 'ಅಭಯ' ಅಂತ ಬರೆಯಬೇಕು. ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ, 'ಧ್ಯಾನ'. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ರೆಪ್ಪೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದ. ನನಗೆ ಅದು ಗೊತ್ತಾಗುತ್ತಿದೆ ಅಂತ ಅವನಿಗೂ ಗೊತ್ತಿತ್ತು.

ಒಂದು ದಿನ ಅಂಗೈ ತೆರೆದು ನನ್ನ ಕಡೆ ಇಳಿಬಿಟ್ಟ. 'ವರದ' ಅಂತ ಬರೆದೆ.

ಅವನು ಅದರ ಕೆಳಗೆ ಬರೆದ: 'ಏನ್ ಬೇಕು ಕೇಳು.'

ಎದೆ ಹೊಡೆದುಕೊಂಡ ಸದ್ದು ಭೈರೇಶನಿಗೂ ಕೇಳಿಸಿತೇನೋ. ಪೆನ್ನು ಹಿಡಿದು ಯೋಚಿಸಿದೆ, ಯೋಚಿಸಿದೆ, ಕೊನೆಗೆ ಬರೆದದ್ದು: 'ಯುಂಗಾಂಗ್ ಗುಹೆಗಳ ನೋಟ್ಸ್.' ಅವನು ಟೇಬಲ್ಲಿಗೆ ಹಣೆ ಹಚ್ಚಿ, ಸದ್ದಿಲ್ಲದೆ, ಭುಜ ಕುಣಿಯುವಷ್ಟು ನಕ್ಕ.

ಸೀಟು ಸಿಗದಿದ್ದರೆ ನಾನು ಬಿ.ಎಡ್. ಸೇರಬೇಕಿತ್ತು. ಹೈಸ್ಕೂಲ್ ಟೀಚರ್ ಆಗಿರುವ ಅಮ್ಮನ ಆಸೆ ಅದು. ದಿನವೂ ನಲವತ್ತು ಮಕ್ಕಳೆದುರು ನಿಂತು ಮಾತಾಡುವುದನ್ನು ನೆನೆದರೇ ನನ್ನ ಗಂಟಲು ಒಣಗುತ್ತಿತ್ತು. ಸುಘೋಷ್‌ಗೆ ಸಿಗದಿದ್ದರೆ ಕೆಂಗೇರಿಯಲ್ಲಿ ಅವರಪ್ಪನ ಟೈಲ್ಸ್ ಅಂಗಡಿ. "ಅಜಂತಾ ಬಿಟ್ಟು ಬಾತ್ರೂಮಿಗೆ," ಅಂತ ನಗುತ್ತಿದ್ದ. ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಆ ಫೋಟೋ ಬಂದ ಮೇಲೆ ನಾನು ಸ್ಟಡಿ ಸೆಂಟರಿಗೆ ಹೋಗುವುದನ್ನೇ ಬಿಟ್ಟೆ.

"ಎಲ್ಲಿದೀಯ? ಜ್ವರಾನಾ?" ಅಂತ ಸುಘೋಷ್‌ನ ಮೆಸೇಜು ಬಂತು.

"ಮನೇಲೇ ಓದ್ತಾ ಇದೀನಿ."

"ನಾನೇನಾದ್ರೂ ಮಾಡಿದ್ನಾ?"

ಫೋನನ್ನು ಮಗುಚಿಟ್ಟೆ. ಪುಸ್ತಕ ತೆರೆದರೆ ಎಲ್ಲ ಬುದ್ಧರ ಮುಖದಲ್ಲೂ ಅವನ ಅರೆಮುಚ್ಚಿದ ಕಣ್ಣು. ಪುಸ್ತಕ ಮುಚ್ಚಿದರೆ ಶಿವರಂಜನಿಯ ಮಾತು.

ಫೆಲೋಶಿಪ್ಪಿನ ಆಯ್ಕೆಯ ದಿನ ಬೆಳಿಗ್ಗೆ ಲಿಖಿತ ಪರೀಕ್ಷೆ ಮುಗಿಯಿತು. ಆಮೇಲೆ ಸಂದರ್ಶನ, ಪ್ರತಿಯೊಬ್ಬರೂ ತಾವೇ ಆರಿಸಿದ ಒಂದು ಕಲಾಕೃತಿಯ ಬಗ್ಗೆ ಮಾತಾಡಬೇಕು. ಕಾರಿಡಾರಿನ ಬೆಂಚಿನಲ್ಲಿ ನಾನು ಈ ತುದಿ, ಅವನು ಆ ತುದಿ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೆಂಪೇರಿದ ಕಣ್ಣು.

"ಸ್ಮೃತಿ, ಒಂದ್ ಮಾತು..." ಅಂದ. ನಾನು ಗೋಡೆ ನೋಡಿದೆ.

ಅವನು ಬ್ಯಾಗಿನಿಂದ ರಟ್ಟಿಗೆ ಅಂಟಿಸಿದ ದೊಡ್ಡ ಪ್ರಿಂಟೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅದೇ ಬುದ್ಧ. ಅದೇ ಎಡಗೈ.

ಇನ್ನೊಬ್ಬರಿಗಾಗಿ ತೋಡಿದ ಗುಂಡಿಗೆ ಯಾರೂ ತಾವೇ ಇಸ್ತ್ರಿ ಶರ್ಟು ಹಾಕಿಕೊಂಡು ಇಳಿಯುವುದಿಲ್ಲ. ಅವನು ಅದನ್ನು ನಿಜವೆಂದೇ ನಂಬಿದ್ದ.

ಫೋನ್ ತೆಗೆದೆ. ಅವನು ಕಳಿಸಿದ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದೆ. ಮುಖ, ಭುಜ, ಪೀಠ. ಬಲ ಅಂಚಿನಲ್ಲಿ, ಕತ್ತರಿಸುವಾಗ ಉಳಿದುಹೋದಂತೆ, ಬ್ಯಾಗಿನ ಪಟ್ಟಿ ಹಿಡಿದ ಯಾರದೋ ಕೈ. ಹಸಿರು ಪಟ್ಟಿಯ ವಾಚು.

ನನ್ನ ವಾಚು.

ಆದರೆ ಫೋಟೋದಲ್ಲಿ ಅದು ಎಡಗೈಯಲ್ಲಿತ್ತು. ನಾನು ಎಡಚಿ, ವಾಚು ಕಟ್ಟುವುದು ಬಲಗೈಗೇ. ಮಣಿಕಟ್ಟು ನೋಡಿಕೊಂಡೆ, ಫೋಟೋ ನೋಡಿದೆ. ಸೆಲ್ಫಿ! ಅವನ ಫೋನಿನ ಸೆಲ್ಫಿ ಕನ್ನಡಿಯ ಹಾಗೆ ಎಡವನ್ನು ಬಲ ಮಾಡಿ ಇಟ್ಟುಕೊಂಡಿತ್ತು. ಆಮೇಲೆ ಅವನು ತನ್ನನ್ನು ಕತ್ತರಿಸಿ, ಪಕ್ಕದಲ್ಲಿದ್ದ ನನ್ನನ್ನೂ ಕತ್ತರಿಸಿ, ಬುದ್ಧನನ್ನಷ್ಟೇ ಉಳಿಸಿದ್ದ.

ನನಗೆ ಗೊತ್ತಿಲ್ಲದೆ ನನ್ನ ಜೊತೆ ಸೆಲ್ಫಿ ತೆಗೆದುಕೊಂಡಿದ್ದ.

"ಸುಘೋಷ್!" ಅಂತ ಅಟೆಂಡರ್ ಬಾಗಿಲಲ್ಲಿ ಕೂಗಿದರು. ಅವನು ಎದ್ದ. ನಾಲ್ಕು ಹೆಜ್ಜೆ ಹೋದ. ನಾನು ಸುಮ್ಮನಿದ್ದರೆ ಸಾಕಿತ್ತು, ಸೀಟು ನನ್ನದು.

"ಸುಘೋಷ್, ನಿಲ್ಲು!"

ಇಡೀ ಕಾರಿಡಾರು ತಿರುಗಿತು. ಅದು ನನ್ನ ದನಿ ಅಂತ ನನಗೇ ನಂಬಿಕೆ ಬರಲಿಲ್ಲ.

"ಏನಮ್ಮಾ, ಇದೇನು ಛತ್ರನಾ?" ಅಂದರು ಅಟೆಂಡರ್. "ಒಳಗೆ ಕಾಯ್ತಾವ್ರೆ."

"ಫೋಟೋ ಉಲ್ಟಾ ಇದೆ ಕಣೋ. ಸೆಲ್ಫಿ ಅದು. ವಾಚ್ ನೋಡು. ನಂದು." ಬಲಗೈ ಎತ್ತಿ ತೋರಿಸಿದೆ. "ಬುದ್ಧ ಮುಟ್ಟಿರೋದು ಬಲಗೈಯಿಂದ್ಲೇ."

ಅವನು ಪ್ರಿಂಟ್ ನೋಡಿದ, ನನ್ನ ಕೈ ನೋಡಿದ. ಮುಖದ ಬಣ್ಣ ಇಳಿದುಹೋಯಿತು. ಸಿಕ್ಕಿಬಿದ್ದದ್ದಕ್ಕೋ, ಸೋತದ್ದಕ್ಕೋ ತಿಳಿಯಲಿಲ್ಲ.

"ಬರೀ ಇದನ್ನೇ ತಯಾರಿ ಮಾಡಿದ್ದೆ," ಅಂದ, ಕೇಳಿಸಿಯೂ ಕೇಳಿಸದ ಹಾಗೆ. "ಈಗೇನ್ ಹೇಳ್ಲಿ?"

"ನಿಜ ಹೇಳು."

ಬಾಗಿಲು ಮುಚ್ಚಿತು. ಒಳಗೆ ಒಮ್ಮೆ ಜೋರು ನಗು ಕೇಳಿಸಿತು. ಅವನು ಹೊರಗೆ ಬರುವಷ್ಟರಲ್ಲಿ ನನ್ನ ಹೆಸರು ಕರೆದರು. ಎದುರುಬದುರು ದಾಟಿದೆವು. ಅವನು ತಲೆ ಎತ್ತಲಿಲ್ಲ.

ಮೇಜಿನ ಆ ಕಡೆ ಮೂವರು. ನಡುವೆ ಕೂತಿದ್ದವರು ವೆಂಕಟಗಿರಿ ಸಾರ್, ವಿಭಾಗದ ಮುಖ್ಯಸ್ಥರು. ಅವರ ಮುಂದೆ ಆ ಪ್ರಿಂಟು.

"ಇದು ಉಲ್ಟಾ ಅಂತ ಕಂಡುಹಿಡಿದೋರು ನೀವಂತೆ. ಸುಘೋಷ್ ಹೇಳಿದ್ರು. ಹೇಗೆ?"

ಅವನು ನನ್ನ ಹೆಸರನ್ನೇ ಹೇಳಿದ್ದ! "ಭೂಮಿಸ್ಪರ್ಶಕ್ಕೆ ಬಲಗೈ ಸಾರ್. ಬರಿದಾಗಿರಬೇಕಾದ್ದೂ ಬಲ ಭುಜ. ಇಲ್ಲಿ ಎರಡೂ ಎಡಕ್ಕಿದೆ."

"ಅದು ಅನುಮಾನ. ಸಾಕ್ಷಿ ಎಲ್ಲಿ? ಒಬ್ಬ ಶಿಲ್ಪಿ ಹಾಗೂ ಮಾಡಿರಬಹುದಲ್ವಾ?"

"ವಾಚ್ ಸಾರ್. ಅಂಚಿನಲ್ಲಿ."

"ಯಾರ ವಾಚು?"

"...ನಂದು."

"ನೀವ್ಯಾಕೆ ಈ ಫೋಟೋದಲ್ಲಿದೀರಿ?"

"ಅದು ನಂಗೂ ಈಗ್ಲೇ ಗೊತ್ತಾಗಿದ್ದು ಸಾರ್."

ಪಕ್ಕದ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವೆಂಕಟಗಿರಿ ಸಾರ್ ಕನ್ನಡಕ ತೆಗೆದು ಒರೆಸಿದರು, ಸುಮಾರು ಹೊತ್ತು ಒರೆಸಿದರು. ನನ್ನ ಕಿವಿ ಉರಿಯುತ್ತಿತ್ತು. ಆದರೆ ಅದಕ್ಕಿಂತ ದೊಡ್ಡ ನಾಚಿಕೆ ಇನ್ನು ಯಾವುದೂ ಉಳಿದಿರಲಿಲ್ಲವಲ್ಲ, ಮುಂದಿನ ಪ್ರಶ್ನೆಗಳಿಗೆಲ್ಲ ಮಾತು ತಾನಾಗಿ ಬಂತು.

ಸಂಜೆಗೆ ನೋಟಿಸ್ ಬೋರ್ಡಿನಲ್ಲಿ ಹಾಳೆ ಅಂಟಿಸಿದರು. ಆಯ್ಕೆ: ಸ್ಮೃತಿ. ಕೆಳಗೆ, ವೇಟಿಂಗ್ ಲಿಸ್ಟಿನಲ್ಲಿ ಸುಘೋಷ್.

"ಕಂಗ್ರಾಟ್ಸ್ ಕಣೇ," ಅಂದ. ನಕ್ಕ. ಆಮೇಲೆ ಜ್ಞಾನಭಾರತಿ ಮೆಟ್ರೋವರೆಗೂ ನಡೆದೆವು, ಅವನು ಒಂದೂ ಜೋಕು ಮಾಡಲಿಲ್ಲ.

ಸ್ಟೇಷನ್ ಒಳಗೆ ನಾನೇ ನಿಂತೆ. "ನೀನು ಬೇಕಂತ ತಪ್ಪು ಕಳಿಸಿದೀಯ ಅಂದ್ಕೊಂಡಿದ್ದೆ. ಅದಕ್ಕೇ ಬರ್ಲಿಲ್ಲ."

ಅವನು ನನ್ನನ್ನೇ ನೋಡಿದ. ಸೀಟು ಹೋದಾಗ ಕಾಣದ ನೋವು ಆಗ ಕಂಡಿತು.

"ನನ್ನ ಬಗ್ಗೆ ಹಾಗನ್ಕೊಂಡ್ಯಾ?"

"ಹೂಂ."

"ಆದ್ರೂ ಕೂಗಿ ನಿಲ್ಲಿಸ್ದೆ."

"ಹೂಂ. ನೀನ್ಯಾಕೋ ಅಷ್ಟು ಪೆದ್ದ ಆದೆ? ಆ ವಿಗ್ರಹ ಎದುರಿಗೇ ಇತ್ತಲ್ಲ. ಕಣ್ಣಾರೆ ನೋಡಿದ್ಯಲ್ಲ, ಯಾವ ಕೈ ಅಂತ ನೆನಪಿರಲಿಲ್ವಾ?"

"ನೋಡ್ಲಿಲ್ಲ."

"ಅಂದ್ರೆ?"

ಅವನು ಟಿಕೆಟ್ ಮೆಷಿನ್ನಿನ ಕಡೆ ತಿರುಗಿದ. "ಅವತ್ತು ನಾನು ಬುದ್ಧನ್ನ ನೋಡ್ಲೇ ಇಲ್ಲ ಕಣೇ. ನೀನು ಪಕ್ಕದಲ್ಲಿ ನಿಂತಿದ್ದೆ. ನಾನು ನೋಡ್ತಾ ಇದ್ದಿದ್ದು ನಿನ್ನ."

ಜನ ನಮ್ಮನ್ನು ಸುತ್ತಿ ಹಾದುಹೋಗುತ್ತಿದ್ದರು. ಮೇಲೆ ಟ್ರೈನು ಬಂದು ಹೋದ ಸದ್ದು. ಇದನ್ನು ಡೈರಿಗೆ ಬಿಡಬಾರದು ಅನ್ನಿಸಿತು.

"ನಾನೂ ನೋಡಿರಲಿಲ್ಲ," ಅಂದೆ.

"ಏನನ್ನ?"

"ಬುದ್ಧನ್ನ. ನೋಡಿದ್ರೆ ನಿನ್ನ ಫೋಟೋ ಬಂದ ತಕ್ಷಣ ಗೊತ್ತಾಗ್ತಿರಲಿಲ್ವಾ ಉಲ್ಟಾ ಅಂತ?"

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ತಗ್ಗಿಸಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅಂತ ನಾನು ಬಗ್ಗಿ ನೋಡಿದೆ. ಎರಡೂ ಇತ್ತು.

"ಸರಿ, ಹೊರಡು. ನಿಮ್ಮಮ್ಮ ಕಾಯ್ತಿರ್ತಾರೆ," ಅಂದ. "ನಾನು ಅಂಗಡೀಗೆ ಹೋಗ್ಬೇಕು. ಅಪ್ಪಂಗೆ ಸೀಟ್ ಸಿಗ್ಲಿಲ್ಲ ಅಂತ ಹೇಳ್ಬೇಕು."

ವಿಜಯನಗರದ ಕಡೆಗೆ ಒಂದು ಮೆಟ್ಟಿಲು, ಕೆಂಗೇರಿ ಕಡೆಗೆ ಇನ್ನೊಂದು. ನಾನು ಅವನ ಮೆಟ್ಟಿಲು ಹತ್ತತೊಡಗಿದೆ.

"ಏಯ್, ಎಲ್ಲಿಗೆ?"

"ಕೆಂಗೇರಿಗೆ. ನಾನೂ ಬರ್ತೀನಿ."

"ನೀನು ಬಂದು ನಮ್ಮಪ್ಪಂಗೆ ಏನ್ ಹೇಳ್ತೀಯ?"

"ಗೊತ್ತಿಲ್ಲ," ಅಂದೆ. "ಮಾತಾಡ್ತೀನಿ."